ನಡು ಇನ್ನೂ ಅಲುಗುತ್ತಿರಬೇಕು

ನಾನು ಮಾಡಿದ ಮೊದಲ ಚೀಸ್‌ಕೇಕ್ ನಟ್ಟನಡುವೆ ಬಿರುಕು ಬಿಟ್ಟಿತ್ತು. ಸಣ್ಣದೇನಲ್ಲ, ನಾಣ್ಯವೊಂದನ್ನು ನೆಟ್ಟಗೆ ನಿಲ್ಲಿಸಬಹುದಾದಷ್ಟು ಅಗಲ. ಅಕ್ಕ ಬಂದವಳೇ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿ, "ಇದನ್ನ ಬೇಯಿಸಿದ್ದೀಯಾ, ಉತ್ತಿದ್ದೀಯಾ?" ಅಂದಳು. ಆಮೇಲೆ ಅವಳೇ ಪಾಪ ಅನ್ನಿಸಿ ಸ್ಟ್ರಾಬೆರಿ ಜಾಮ್ ಸುರಿದು ಬಿರುಕು ಮುಚ್ಚಿದಳು. ತಿಂದವರೆಲ್ಲ ಜಾಮ್ ಚೆನ್ನಾಗಿದೆ ಅಂದರು.

ಅದಾಗಿ ಒಂಬತ್ತು ವರ್ಷ. ಈಗ ನಾಲ್ಕೈದು ಬಗೆ ಕೈಗೆ ಹತ್ತಿವೆ, ಒಂದು ಇನ್ನೂ ಸತಾಯಿಸುತ್ತಿದೆ. ಯಾವುದು ನಿನಗೆ ಹೆಚ್ಚು ಇಷ್ಟ ಅಂತ ಕೇಳಿದರೆ ಪ್ರತಿ ಎರಡು ವರ್ಷಕ್ಕೊಂದು ಬೇರೆ ಉತ್ತರ ಕೊಟ್ಟಿದ್ದೇನೆ. ನನ್ನ ನಾಲಿಗೆಯೇನೂ ಬದಲಾಗಲಿಲ್ಲ. ಮೊಟ್ಟೆ ಬಿಸಿಗೆ ಏನು ಮಾಡುತ್ತದೆ ಅನ್ನುವುದು ತಿಳಿಯುತ್ತ ಹೋದಂತೆ ಇಷ್ಟವೂ ಬದಲಾಯಿತು.

ಹೆಸರಲ್ಲಿ ಕೇಕ್ ಇದ್ದರೂ ಇದರ ಸ್ವಭಾವ ಕಸ್ಟರ್ಡ್‌ನದು. ಸ್ಪಂಜ್ ಕೇಕ್ ನಿಲ್ಲಬೇಕಾದರೆ ಮೈದಾ ಬೇಕು. ಇಲ್ಲಿ ಭಾರವೆಲ್ಲ ಮೊಟ್ಟೆಯ ಮೇಲೆ. ಅದರ ಪ್ರೋಟೀನು ಬಿಸಿಗೆ ಬಲೆಯ ಹಾಗೆ ಹೆಣೆದುಕೊಂಡು ಚೀಸು, ಕ್ರೀಮು, ಸಕ್ಕರೆಯನ್ನು ಹಿಡಿದಿಡುತ್ತದೆ. ನಡುಭಾಗ 65–66 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. 70 ದಾಟಿ ಏರುತ್ತ ಹೋದರೆ ಬಲೆ ಬಿಗಿಯುತ್ತದೆ, ಒಳಗಿನ ನೀರು ಹಿಂಡಿಕೊಂಡು ಬರುತ್ತದೆ, ತಣ್ಣಗಾಗುತ್ತ ಕುಗ್ಗುವಾಗ ಮೇಲ್ಮೈ ಸೀಳುತ್ತದೆ. ನಾನೋ ಸ್ಪಂಜ್ ಕೇಕಿನ ಅಭ್ಯಾಸಬಲದಿಂದ ಕಡ್ಡಿ ಚುಚ್ಚಿ ಚುಚ್ಚಿ ನೋಡಿ, ಏನೂ ಅಂಟದೆ ಬರುವವರೆಗೆ ಕಾದಿದ್ದೆ. ಚೀಸ್‌ಕೇಕ್‌ನಲ್ಲಿ ಕಡ್ಡಿ ಒಣಗಿ ಬಂತು ಅಂದರೆ ಕೆಲಸ ಕೆಟ್ಟು ಕಾಲು ಗಂಟೆಯಾಗಿದೆ ಅಂತಲೇ ಲೆಕ್ಕ.

ಹಾಳಾದ ಆ ಮೊದಲನೆಯದು ನ್ಯೂಯಾರ್ಕ್ ಬಗೆಯದು. ಹಟಕ್ಕೆ ಬಿದ್ದು ಅದನ್ನೇ ಮತ್ತೆ ಮತ್ತೆ ಮಾಡಿದೆ. ಇಂದಿಗೂ ನನ್ನ ಅಳತೆ ಇದು: 23 ಸೆಂಟಿಮೀಟರ್ ಟಿನ್ನಿಗೆ 900 ಗ್ರಾಂ ಕ್ರೀಮ್ ಚೀಸ್, 250 ಗ್ರಾಂ ಸಕ್ಕರೆ, 5 ಮೊಟ್ಟೆ, 200 ಗ್ರಾಂ ಸೋರ್ ಕ್ರೀಮ್, ಒಂದು ನಿಂಬೆಯ ಸಿಪ್ಪೆ ತುರಿ, ಚಿಟಿಕೆ ಉಪ್ಪು. ತಳಕ್ಕೆ 200 ಗ್ರಾಂ ಬಿಸ್ಕತ್ತಿನ ಪುಡಿ, 90 ಗ್ರಾಂ ಕರಗಿದ ಬೆಣ್ಣೆ. ತಳವನ್ನು ಲೋಟದ ಅಡಿಯಿಂದ ಒತ್ತಿ ಹತ್ತು ನಿಮಿಷ ಮೊದಲೇ ಬೇಯಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಮರುದಿನಕ್ಕೆ ಒದ್ದೆ ಒದ್ದೆಯಾಗುತ್ತದೆ.

ಕ್ರೀಮ್ ಚೀಸ್ ಗಟ್ಟಿ ಇಟ್ಟಿಗೆಯ ರೂಪದಲ್ಲಿ ಸಿಗುವುದೇ ಆಗಬೇಕು. ಬ್ರೆಡ್ಡಿಗೆ ಸವರಲೆಂದು ಡಬ್ಬಿಯಲ್ಲಿ ಬರುವುದು ಮೆತ್ತಗೆ, ಅದನ್ನು ಹಾಕಿದ ಕೇಕು ಕತ್ತರಿಸಿದ ಮೇಲೆ ನಿಧಾನಕ್ಕೆ ಮುಂದಕ್ಕೆ ವಾಲುತ್ತದೆ. ಅಂದಹಾಗೆ, ಇಟ್ಟಿಗೆಗಳಲ್ಲೆಲ್ಲ ಪ್ರಸಿದ್ಧವಾದ ಫಿಲಡೆಲ್ಫಿಯಾ ಬ್ರಾಂಡಿಗೂ ಅಮೆರಿಕದ ಆ ಹೆಸರಿನ ಊರಿಗೂ ಸಂಬಂಧವಿಲ್ಲ. ಅದು ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಒಳ್ಳೆಯ ಹಾಲು, ಬೆಣ್ಣೆ ಅಂದರೆ ಫಿಲಡೆಲ್ಫಿಯಾದ್ದು ಅನ್ನುವ ಮಾತಿದ್ದ ಕಾಲಕ್ಕೆ, 1880ರಲ್ಲಿ, ವ್ಯಾಪಾರಕ್ಕಾಗಿ ಇಟ್ಟ ಹೆಸರು ಅದು.

ಇಟ್ಟಿಗೆಯನ್ನು ಎರಡು ಗಂಟೆ ಮುಂಚೆಯೇ ಫ್ರಿಜ್‌ನಿಂದ ಹೊರಗಿಡದಿದ್ದರೆ ಗಂಟು ತಪ್ಪಿದ್ದಲ್ಲ. ತಣ್ಣನೆಯ ಚೀಸನ್ನು ಕಲಸಿ, ಬಿದ್ದ ಗಂಟುಗಳನ್ನು ಒಡೆಯಲು ಬೀಟರ್ ಜೋರಾಗಿ ಓಡಿಸಿ, ಕೇಕು ಓವನ್‌ನಲ್ಲಿ ಬುಗ್ಗೆಯಂತೆ ಉಬ್ಬಿ ಹೊರಗೆ ಬಂದ ಕೂಡಲೇ ಕುಸಿದದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಒಳಗೆ ಸೇರಿದ ಗಾಳಿಯದು ಆ ಕೆಲಸ. ಹಾಗಾಗಿ ಮೊದಲು ಚೀಸು, ಸಕ್ಕರೆ ಎರಡನ್ನೇ ಬೆಣ್ಣೆಯಷ್ಟು ನಯವಾಗುವ ತನಕ ಕಲಸುವುದು. ಮೊಟ್ಟೆ ಕಟ್ಟಕಡೆಗೆ, ಒಂದೊಂದಾಗಿ, ಬೀಟರ್‌ನ ಅತಿ ನಿಧಾನ ವೇಗದಲ್ಲಿ. ಆಮೇಲೂ ಗಂಟು ಕಂಡರೆ ಜರಡಿಯಲ್ಲಿ ಸೋಸಿಬಿಡುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

160 ಡಿಗ್ರಿಯಲ್ಲಿ, ಬಿಸಿನೀರಿನ ತಟ್ಟೆಯೊಳಗೆ ಟಿನ್ ಇಟ್ಟು ಬೇಯಿಸಬೇಕು. ನೀರು 100 ಡಿಗ್ರಿ ದಾಟುವುದಿಲ್ಲ, ಅದರಿಂದ ಅಂಚು ಬೇಗ ಬೆಂದು ನಡು ಹಸಿ ಉಳಿಯುವ ತಾಪತ್ರಯ ಕಡಿಮೆ. ಬಿಚ್ಚುವ ಅಂಚಿನ ಟಿನ್ನಿಗೆ ಮೂರು ಪದರ ಫಾಯಿಲ್ ಸುತ್ತಿದರೂ ಒಂದು ಸಲ ನೀರು ನುಗ್ಗಿ ತಳ ಗಂಜಿಯಾಯಿತು. ಅಂದಿನಿಂದ ಫಾಯಿಲ್ ನಂಬುವುದನ್ನೇ ಬಿಟ್ಟೆ. ಕೇಕಿನ ಟಿನ್ನನ್ನು ಅದಕ್ಕಿಂತ ತುಸು ದೊಡ್ಡ, ತೂತಿಲ್ಲದ ಇನ್ನೊಂದು ಟಿನ್ನಿನೊಳಗೆ ಇಳಿಸಿ, ಅದನ್ನು ನೀರಿನ ತಟ್ಟೆಯಲ್ಲಿಡುತ್ತೇನೆ. ಅಂಚು ಬೇಯಲು ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಒಂದು ಗಂಟೆಯಾದ ಮೇಲೆ ಓವನ್ ಬಾಗಿಲು ತೆಗೆದು, ಗ್ಲೌಸ್ ಹಾಕಿದ ಕೈಯಿಂದ ಟಿನ್ನಿನ ಬದಿಗೆ ಮೆಲ್ಲಗೆ ತಟ್ಟಬೇಕು. ಸುತ್ತ ಎರಡು ಬೆರಳಗಲ ಅಲುಗದೆ ನಿಂತಿರಬೇಕು. ನಡುಭಾಗ ಮಾತ್ರ, ಚೆನ್ನಾಗಿ ಹೆಪ್ಪಾದ ಮೊಸರಿನ ಪಾತ್ರೆಯನ್ನು ತಟ್ಟಿದಾಗ ಆಗುವಂತೆ, ಇಡಿಯಾಗಿ ಒಮ್ಮೆ ನಡುಗಿ ನಿಲ್ಲಬೇಕು. ಅಲೆ ಎದ್ದು ಅಂಚಿನವರೆಗೆ ಓಡಿದರೆ ಇನ್ನೂ ಹತ್ತು ನಿಮಿಷ. ಏನೂ ನಡುಗದಿದ್ದರೆ ಜಾಮ್ ಬಾಟಲಿ ಹುಡುಕಿಕೊಳ್ಳಿ. ಮೊದಮೊದಲು ನಾನೂ ಥರ್ಮಾಮೀಟರ್ ಚುಚ್ಚುತ್ತಿದ್ದೆ. ಆ ತೂತಿನಿಂದಲೇ ಬಿರುಕು ಶುರುವಾಗುವುದನ್ನು ನೋಡಿ ಕೈಬಿಟ್ಟೆ. ನಡುಗುವಾಗಲೇ ಓವನ್ ಆರಿಸಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಒಂದು ಗಂಟೆ ಹಾಗೇ ಬಿಡುವುದು. ಒಳಗಿನ ಬಿಸಿಯೇ ಉಳಿದ ಕೆಲಸ ಮುಗಿಸುತ್ತದೆ. ಹೊರತೆಗೆದ ಕೂಡಲೇ ತೆಳು ಚಾಕುವಿನಿಂದ ಅಂಚು ಬಿಡಿಸಿಕೊಳ್ಳಬೇಕು. ಕುಗ್ಗುವಾಗ ಅದು ಟಿನ್ನಿಗೆ ಕಚ್ಚಿಕೊಂಡಿದ್ದರೆ ನಡು ಹರಿಯದೆ ಇನ್ನೇನಾದೀತು?

ಇಷ್ಟೆಲ್ಲ ಕಲಿತ ಮೇಲೆ ಬಾಸ್ಕ್ ಚೀಸ್‌ಕೇಕ್ ಎದುರಾಯಿತು. ಕಲಿತದ್ದನ್ನೆಲ್ಲ ತಲೆಕೆಳಗು ಮಾಡುವ ಕೇಕು ಅದು. ಸ್ಪೇನಿನ ಸಾನ್ ಸೆಬಾಸ್ಟಿಯನ್ ಊರಿನ ಲಾ ವಿನ್ಯಾ ಎಂಬ ಹೋಟೆಲಿನಲ್ಲಿ ಅಡುಗೆಯವ ಸಾಂಟಿಯಾಗೊ ರಿವೆರಾ 1990ರ ಸುಮಾರಿಗೆ ರೂಢಿಸಿದ್ದು. ಬಿಸ್ಕತ್ತಿನ ತಳ ಇಲ್ಲ, ನೀರಿನ ತಟ್ಟೆ ಇಲ್ಲ, ಮೇಲ್ಮೈ ಕಪ್ಪಗೆ ಸುಟ್ಟಿರಬೇಕು, ಉಬ್ಬಿ ಕುಸಿಯಲೇಬೇಕು. 600 ಗ್ರಾಂ ಕ್ರೀಮ್ ಚೀಸ್, 200 ಗ್ರಾಂ ಸಕ್ಕರೆ, 4 ಮೊಟ್ಟೆ, 300 ಮಿಲಿಲೀಟರ್ ಕ್ರೀಮ್, ಒಂದು ಚಮಚ ಮೈದಾ. 20 ಸೆಂಟಿಮೀಟರ್ ಟಿನ್ನು, 220 ಡಿಗ್ರಿ, ಮೂವತ್ತೈದು ನಿಮಿಷದ ಆಸುಪಾಸು. ಬಿಸಿ ಅಷ್ಟು ಜೋರಾಗಿದ್ದರೆ ಮೊಟ್ಟೆ ಕೆಡುವುದಿಲ್ಲವೇ ಅಂತ ನನಗೂ ಅನುಮಾನವಿತ್ತು. ಹೊರಗಿನ ಸಕ್ಕರೆ ಕಪ್ಪಾಗುವಷ್ಟರಲ್ಲಿ ಒಳಕ್ಕೆ ಬಿಸಿ ಪೂರ್ತಿ ತಲುಪಿರುವುದೇ ಇಲ್ಲ, ಗುಟ್ಟು ಅಲ್ಲಿದೆ. ಹೊರತೆಗೆಯುವಾಗ ನ್ಯೂಯಾರ್ಕಿನದಕ್ಕಿಂತ ಇಮ್ಮಡಿ ಅಲುಗುತ್ತಿರಬೇಕು, ನೋಡಿದರೆ ಹೆದರಿಕೆಯಾಗುವಷ್ಟು.

ಇದರಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಟಿನ್ನಿಗೆ ಹಾಸಬೇಕಾದದ್ದು ಬೇಕಿಂಗ್ ಪೇಪರ್. ನಾನು ಡ್ರಾಯರ್‌ನಲ್ಲಿ ಕೈಗೆ ಸಿಕ್ಕ ಮೇಣದ ಕಾಗದ ಹಾಸಿದೆ. ಹತ್ತೇ ನಿಮಿಷದಲ್ಲಿ ಅಡುಗೆಮನೆ ತುಂಬ ಹೊಗೆ, ಕೇಕಿಗೆ ಮೇಣದಬತ್ತಿಯ ವಾಸನೆ. ಈಗ ಸರಿಯಾದ ಕಾಗದವನ್ನೇ ನಲ್ಲಿಯ ಕೆಳಗೆ ಹಿಡಿದು, ಮುದ್ದೆಮಾಡಿ ಹಿಂಡಿ, ಬಿಡಿಸಿ ಟಿನ್ನಿಗೆ ಒತ್ತುತ್ತೇನೆ. ಹಾಗೆ ಮಾಡಿದರೆ ಮೂಲೆಗಳಿಗೆ ಹೇಳಿದಂತೆ ಕೂರುತ್ತದೆ. ಅಂಚು ಟಿನ್ನಿಗಿಂತ ಎರಡಿಂಚು ಮೇಲಿರಲಿ, ಉಬ್ಬಿದ್ದು ಚೆಲ್ಲಬಾರದಲ್ಲ. ಮೊದಲ ಸಲ ಅಕ್ಕನ ಮುಂದೆ ಇಟ್ಟಾಗ, "ಈ ಸಲ ಸುಟ್ಟೇ ಹಾಕಿದೆಯಾ?" ಅಂದಳು. ಎರಡನೇ ತುಂಡು ಕೇಳದೆಯೇ ಹಾಕಿಕೊಂಡಳು.

ಬೇಯಿಸದೆ ಮಾಡುವ ಚೀಸ್‌ಕೇಕ್ ಬಗ್ಗೆ ನನಗೆ ಅಷ್ಟೇನೂ ಮಮತೆಯಿಲ್ಲ, ಆದರೂ ಬೇಸಿಗೆಯಲ್ಲಿ ಓವನ್ ಹಚ್ಚುವ ಮನಸ್ಸಿಲ್ಲದಾಗ ಮಾಡುತ್ತೇನೆ. ಚೀಸಿಗೆ ನೊರೆಬರಿಸಿದ ಕ್ರೀಮ್, ತಣ್ಣೀರಲ್ಲಿ ನೆನೆಸಿ ಕರಗಿಸಿದ ಜೆಲಟಿನ್, ಫ್ರಿಜ್‌ನಲ್ಲಿ ಒಂದು ರಾತ್ರಿ. ಮೊಟ್ಟೆಯ ಪರಿಮಳ ಇಲ್ಲದ್ದರಿಂದ ಅದು ನನಗೆ ಗಟ್ಟಿಯಾದ ಕ್ರೀಮಿನಂತೆಯೇ ಅನ್ನಿಸುತ್ತದೆ. ಒಮ್ಮೆ ಹಸಿ ಅನಾನಸು ಅರೆದು ಸೇರಿಸಿದ್ದೆ. ಜಪ್ಪಯ್ಯ ಅಂದರೂ ಹೆಪ್ಪುಗಟ್ಟಲಿಲ್ಲ. ಮರುದಿನ ಇನ್ನಷ್ಟು ಜೆಲಟಿನ್ ಹಾಕಿದೆ, ಆಗಲೂ ಪಾಯಸವೇ. ಅನಾನಸಿನಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವ ಜೆಲಟಿನ್ನಿನ ಪ್ರೋಟೀನನ್ನು ಕತ್ತರಿಸಿಹಾಕುತ್ತದೆ ಅಂತ ಆಮೇಲೆ ತಿಳಿಯಿತು. ಕಿವಿ ಹಣ್ಣು, ಪರಂಗಿ ಕೂಡ ಇದೇ ಜಾತಿ. ಹಣ್ಣನ್ನು ಕುದಿಸಿ ಹಾಕಿದರೆ ಕಿಣ್ವ ಸಾಯುತ್ತದೆ. ಕಡಲಪಾಚಿಯಿಂದ ತೆಗೆಯುವ ಅಗರ್ ಅಗರ್ ಬಳಸಿದರೆ ಈ ತೊಂದರೆ ಇಲ್ಲ, ಅದು ಪ್ರೋಟೀನ್ ಅಲ್ಲ. ಆದರೆ ಬಾಯಲ್ಲಿ ಕರಗುವುದಿಲ್ಲ, ಮುರಿಯುತ್ತದೆ.

ಸತಾಯಿಸುವುದು ಜಪಾನಿ ಬಗೆ. 250 ಗ್ರಾಂ ಚೀಸಿಗೆ 6 ಮೊಟ್ಟೆ, ಬಿಳಿ ಲೋಳೆಯನ್ನು ಬೇರೆಯಾಗಿ ನೊರೆ ಬರಿಸಿ ಮಡಿಚುವಂತೆ ಬೆರೆಸುವುದು, 150 ಡಿಗ್ರಿಯಲ್ಲಿ ನೀರಿನ ತಟ್ಟೆಯ ಮೇಲೆ ಒಂದು ಗಂಟೆಗೂ ಹೆಚ್ಚು ಕಾಲ. ಬೇರೆ ಕೇಕಿನಲ್ಲಿ ಗಾಳಿ ಹೋಗಲಿ ಅಂತ ಒದ್ದಾಡಿದವಳಿಗೆ ಇಲ್ಲಿ ಗಾಳಿ ಹೋಗದಿರಲಿ ಅಂತ ಒದ್ದಾಟ. ಏಳು ಸಲ ಮಾಡಿದ್ದೇನೆ. ನಾಲ್ಕು ಸಲ ಕುಸಿಯಿತು, ಒಂದು ಸಲ ತಳದಲ್ಲಿ ರಬ್ಬರಿನಂಥ ಪದರ ಕೂತಿತು. ನೊರೆಯನ್ನು ಗಟ್ಟಿ ಶಿಖರ ನಿಲ್ಲುವವರೆಗೆ ಬೀಟ್ ಮಾಡಿದ್ದೇ ನನ್ನ ತಪ್ಪು; ಬೀಟರ್ ಎತ್ತಿದಾಗ ತುದಿ ಬಾಗಿ ತಲೆತಗ್ಗಿಸುವಂತಿದ್ದರೆ ಸಾಕಿತ್ತು. ಸರಿಯಾಗಿ ಬಂದ ಎರಡು ಸಲವೂ ರುಚಿ ಹತ್ತಿಯಷ್ಟು ಹಗುರ, ಆದರೆ ಇಷ್ಟು ಶ್ರಮಪಟ್ಟದ್ದು ಚೀಸಿನ ರುಚಿ ಇಷ್ಟು ಕಡಿಮೆ ಇರುವುದಕ್ಕಾ ಅನ್ನಿಸಿದ್ದು ಸುಳ್ಳಲ್ಲ. ಇದನ್ನು ಪ್ರಾಣದಂತೆ ಪ್ರೀತಿಸುವವರಿದ್ದಾರೆ. ನನ್ನ ಮೇಲೆ ಸಿಟ್ಟಾಗಬೇಡಿ.

ಈಗ ಮನಸ್ಸು ಹೆಚ್ಚು ವಾಲಿರುವುದು ಹಳೆಯ ಕಾಲದವುಗಳ ಕಡೆಗೆ. ಕ್ರಿ.ಪೂ. 2ನೇ ಶತಮಾನದಲ್ಲಿ ರೋಮಿನ ಕೇಟೋ ಬರೆದಿಟ್ಟ ಸವಿಲ್ಲಮ್ ಎಂಬುದೊಂದಿದೆ: ಅರ್ಧ ಪೌಂಡ್ ಹಿಟ್ಟು, ಎರಡೂವರೆ ಪೌಂಡ್ ಚೀಸು, ಕಾಲು ಪೌಂಡ್ ಜೇನು, ಒಂದು ಮೊಟ್ಟೆ. ಎಣ್ಣೆ ಸವರಿದ ಮಣ್ಣಿನ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿ, ಮೇಲೆ ಮತ್ತೆ ಜೇನು ಸವರಿ ಗಸಗಸೆ ಉದುರಿಸಿ, ಚಮಚ ಹಾಕಿ ಕೊಡುವುದು. ಅದರ ನಾಲ್ಕನೇ ಒಂದು ಭಾಗವನ್ನು ರಿಕೋಟಾ ಚೀಸಿನಲ್ಲಿ ಮಾಡಿ ನೋಡಿದೆ. ಮೊಟ್ಟೆಯನ್ನು ನಾಲ್ಕು ಪಾಲು ಮಾಡುವುದು ಹೇಗೆ? ಒಡೆದು ಕದಡಿ ಒಂದು ಚಮಚದಷ್ಟು ತೆಗೆದುಕೊಂಡೆ. ಬಂದದ್ದು ಒರಟು, ತುಸು ಭಾರ, ಆದರೆ ಬಿಸಿಯಾಗಿರುವಾಗಲೇ ಜೇನಿನ ಜೊತೆ ತಿಂದರೆ ತಟ್ಟೆ ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ.

ಆ ರಿಕೋಟಾದ ದಾರಿಯಲ್ಲೇ ಇಟಲಿಯ ಬಗೆಗೆ ಬಂದೆ. ಚೀಸ್ ಮಾಡಿ ಉಳಿದ ಹಾಲೊಡಕಿನ ನೀರನ್ನು ಮತ್ತೆ ಕಾಯಿಸಿ ತೆಗೆಯುವುದೇ ರಿಕೋಟಾ, ಹಾಗಾಗಿ ಎಷ್ಟು ಕಲಸಿದರೂ ಸಣ್ಣ ತರಿ ಉಳಿಯುತ್ತದೆ. ನಯವೇ ಸರ್ವಸ್ವ ಅಂದುಕೊಂಡಿದ್ದ ದಿನಗಳಲ್ಲಿ ಅದಕ್ಕೆ ಮೂಗು ಮುರಿದಿದ್ದೆ. ಈಗ ಆ ತರಿಯೇ ಇಷ್ಟ. ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿ, ಕಿತ್ತಳೆ ಸಿಪ್ಪೆ ತುರಿದು ಹಾಕಿ ಬೇಯಿಸಿದರೆ ಬೇರೇನೂ ಬೇಡ. ಜರ್ಮನರು ಕ್ವಾರ್ಕ್ ಎಂಬ ಕಡಿಮೆ ಕೊಬ್ಬಿನ ಚೀಸಿನಲ್ಲಿ ಮಾಡುವುದೂ ಇದರ ಸಮೀಪದ ನೆಂಟ. ಅದಕ್ಕೆ ಪಿಷ್ಟ ಸೇರಿಸುವುದರಿಂದ ಮೊಟ್ಟೆಯ ಬಲೆ ಅತಿಯಾಗಿ ಬಿಗಿಯುವುದಿಲ್ಲ, ಬಿರುಕಿನ ಭಯ ಅರ್ಧ ಕಡಿಮೆ. ಹೊಸಬರು ಇದರಿಂದಲೇ ಶುರುಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನನಗೆ ಆಗ ಹೇಳುವವರಿರಲಿಲ್ಲ.

ಇವತ್ತಿನ ಲೆಕ್ಕದಲ್ಲಿ ನನಗಾಗಿ ಮಾಡಿಕೊಂಡರೆ ರಿಕೋಟಾ, ನೆಂಟರು ಬರುತ್ತಾರೆ ಅಂದರೆ ಬಾಸ್ಕ್, ಹುಟ್ಟುಹಬ್ಬಕ್ಕೆ ನ್ಯೂಯಾರ್ಕ್. ಈ ಕೊನೆಯದನ್ನು ಮಾತ್ರ ಹಿಂದಿನ ದಿನವೇ ಮಾಡಿ ಎಂಟು ಗಂಟೆಯಾದರೂ ಫ್ರಿಜ್‌ನಲ್ಲಿಡಬೇಕು, ಮಕ್ಕಳು ಎಷ್ಟೇ ಗೋಗರೆದರೂ ಅದಕ್ಕೆ ಮುಂಚೆ ಕತ್ತರಿಸುವಂತಿಲ್ಲ. ಕತ್ತರಿಸುವಾಗ ಪಕ್ಕದಲ್ಲಿ ಎತ್ತರದ ಲೋಟದ ತುಂಬ ಬಿಸಿನೀರು, ಭುಜದ ಮೇಲೊಂದು ಬಟ್ಟೆ. ಚಾಕು ಅದ್ದು, ಒರೆಸು, ಒಂದೇ ಒತ್ತಿಗೆ ಕೆಳಗಿನವರೆಗೆ ಇಳಿಸು, ಮೇಲಕ್ಕೆತ್ತದೆ ಮುಂದಕ್ಕೆ ಎಳೆದು ತೆಗೆ, ಮತ್ತೆ ಅದ್ದು. ಹನ್ನೆರಡು ತುಂಡಿಗೆ ಹನ್ನೆರಡು ಸಲವೂ ಹೀಗೇ. ಬಟ್ಟೆಗೆ ಹತ್ತಿದ್ದನ್ನು ನೆಕ್ಕಬಾರದು ಅಂತ ಮಕ್ಕಳಿಗೆ ಹೇಳುತ್ತೇನೆ.