ಟ್ರೋಪೋನಿನ್ ವರದಿಯಲ್ಲಿ ಸಮಯವನ್ನೂ ಏಕೆ ಬರೆಯುತ್ತೇನೆ

ಎದೆನೋವೆಂದು ಬಂದವರ ರಕ್ತ ಪರೀಕ್ಷಿಸುವ ಆಸ್ಪತ್ರೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು, ಟ್ರೋಪೋನಿನ್ (ಹೃದಯದ ಸ್ನಾಯುವಿನಲ್ಲಿರುವ ಪ್ರೋಟೀನ್) ಪರೀಕ್ಷೆ ಕೋರಿದ ಚೀಟಿಯಲ್ಲಿ ನೋವು ಶುರುವಾದ ವೇಳೆ ಮತ್ತು ರಕ್ತ ತೆಗೆದ ವೇಳೆ ಇಲ್ಲದಿದ್ದರೆ ತುರ್ತು ವಿಭಾಗಕ್ಕೆ ಫೋನ್ ಮಾಡಿ ಕೇಳಿ ಬರೆದುಕೊಳ್ಳುತ್ತೇನೆ. ಅಷ್ಟರಲ್ಲಿ ಮಾದರಿ ರಕ್ತಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್‌ ಯಂತ್ರದಲ್ಲಿ ತಿರುಗುತ್ತಿರುವುದರಿಂದ ಯಾವ ವಿಳಂಬವೂ ಆಗುವುದಿಲ್ಲ.

ಹೃದಯದ ಸ್ನಾಯುಕೋಶಕ್ಕೆ ಹಾನಿಯಾದಾಗ ಟ್ರೋಪೋನಿನ್‌ನ ಎರಡು ಬಗೆಗಳಾದ ಐ ಮತ್ತು ಟಿ ರಕ್ತಕ್ಕೆ ಸೋರುತ್ತವೆ. ಆದರೆ ಹಳೆಯ ವಿಧಾನಗಳಿಗೆ ಅದು ಗೋಚರಿಸಲು ಮೂರು-ನಾಲ್ಕು ಗಂಟೆಯಾದರೂ ಬೇಕು. ಆದ್ದರಿಂದ ನೋವು ಬಂದ ಒಂದು ಗಂಟೆಯೊಳಗೆ ಕಾರ್ಡ್ ಪರೀಕ್ಷೆ (ಪಟ್ಟಿಯ ಮೇಲೆ ರಕ್ತ ಹಾಕಿ ಗೆರೆ ನೋಡುವ ತ್ವರಿತ ಪರೀಕ್ಷೆ) ನೆಗೆಟಿವ್ ಬಂದಿತೆಂದು ರೋಗಿಯನ್ನು ಮನೆಗೆ ಕಳಿಸುವುದು ಅಪಾಯಕಾರಿ. ಈಗಿನ ಹೈ ಸೆನ್ಸಿಟಿವಿಟಿ (ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ) ಟ್ರೋಪೋನಿನ್ ಟಿ ವಿಧಾನದಲ್ಲಿ ಲೀಟರಿಗೆ 14 ನ್ಯಾನೋಗ್ರಾಂ ಮೇಲ್ಮಿತಿ. ಆರೋಗ್ಯವಂತರಲ್ಲಿ ನೂರಕ್ಕೆ 99 ಜನರ ಮಟ್ಟ ಇದರೊಳಗೇ ಇರುತ್ತದೆ. ಈ ಮಿತಿ ದಾಟಿದ್ದೆಲ್ಲ ಹೃದಯಾಘಾತವೆಂದು ಓದಿದರೆ ಮಾತ್ರ ದಾರಿ ತಪ್ಪುತ್ತದೆ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ, ಹೃದಯ ವೈಫಲ್ಯ, ನಂಜು, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿದ ಹೆಪ್ಪು, ಹೃದಯದ ಸ್ನಾಯುವಿನ ಉರಿಯೂತ, ಇವೆಲ್ಲದರಲ್ಲೂ ಅದು ಏರುತ್ತದೆ.

ಡಯಾಲಿಸಿಸ್‌ನಲ್ಲಿರುವವರ ಮಾದರಿಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಮೊದಲ ಮಾದರಿಯಲ್ಲಿ 60ರ ಆಸುಪಾಸು ಬಂದು, ಮೂರು ಗಂಟೆಯ ನಂತರದ್ದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಅದು ಬಹುತೇಕ ಹಳೆಯ, ನೆಲೆನಿಂತ ಏರಿಕೆ. ಮೊದಲು 18 ಇದ್ದು ಆಮೇಲೆ 70 ಆದ ರೋಗಿಯ ವಿಷಯದಲ್ಲಿ ನಾನು ವರದಿ ಮುದ್ರಣವಾಗುವವರೆಗೂ ಕಾಯದೆ ವೈದ್ಯರಿಗೆ ಕರೆ ಮಾಡುತ್ತೇನೆ. ಎರಡು ಮಾದರಿಗಳನ್ನೂ ಒಂದೇ ಯಂತ್ರದಲ್ಲಿ, ಒಂದೇ ವಿಧಾನದಲ್ಲಿ ಪರೀಕ್ಷಿಸಿರಬೇಕು. ಬೇರೆ ಕಡೆ ಮಾಡಿಸಿದ ಟ್ರೋಪೋನಿನ್ ಐ ಸಂಖ್ಯೆಯನ್ನು ನಮ್ಮ ಟಿ ಸಂಖ್ಯೆಯೊಂದಿಗೆ ಹೋಲಿಸಲು ನಾನು ಒಪ್ಪುವುದಿಲ್ಲ.

ಯಂತ್ರಕ್ಕಿಡುವ ಮುನ್ನ ಪ್ರತಿ ಟ್ಯೂಬನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧ ಪಡೆದ ರೋಗಿಯ ರಕ್ತ ಸಾದಾ ಟ್ಯೂಬಿನಲ್ಲಿ ಪೂರ್ತಿ ಹೆಪ್ಪುಗಟ್ಟದೆ, ತಿಳಿಯಾದ ಸೀರಮ್‌ನಲ್ಲಿ ನೂಲಿನೆಳೆಯಂಥ ಫೈಬ್ರಿನ್ (ಹೆಪ್ಪಿನ ನಾರು) ತೇಲುವುದುಂಟು. ಅದರಿಂದ ಸುಳ್ಳು ಏರಿಕೆ ಬರಬಹುದು. ಅಂಥದ್ದನ್ನು ಮತ್ತೆ ಸೆಂಟ್ರಿಫ್ಯೂಜ್ ಮಾಡಿ, ಸಂಶಯ ಉಳಿದರೆ ಪುನಃ ಪರೀಕ್ಷಿಸುತ್ತೇನೆ. ಈ ಕಾರಣಕ್ಕೇ ರಕ್ತ ಹೆಪ್ಪುಗಟ್ಟಲು ಬಿಡದ ಲಿಥಿಯಂ ಹೆಪಾರಿನ್ ಟ್ಯೂಬಿನ ಪ್ಲಾಸ್ಮಾವನ್ನೇ ಕೇಳುತ್ತೇನೆ. ಸೂಜಿಯ ಒತ್ತಡಕ್ಕೆ ಕೆಂಪುಕಣಗಳು ಒಡೆದು ಪ್ಲಾಸ್ಮಾ ಕೆಂಪೇರಿದ್ದರೆ ಟಿ ವಿಧಾನ ಕಡಿಮೆ ತೋರಿಸಬಹುದು. ಆಗ ಹೊಸ ಮಾದರಿ ತರಿಸುತ್ತೇನೆ.

ಹೃದಯದ ಹಾನಿ ತಿಳಿಸುವ ಹಳೆಯ ರಕ್ತಪರೀಕ್ಷೆಯಾದ ಸಿಕೆ-ಎಂಬಿಯ ಕೋರಿಕೆಗಳು ಈಗಲೂ ಬರುತ್ತವೆ. ಎರಡು-ಮೂರು ದಿನದಲ್ಲಿ ಅದು ಇಳಿಯುವುದರಿಂದ ಮರು ಆಘಾತ ಗುರುತಿಸಲು ಬೇಕೆಂಬ ವಾದವಿತ್ತು. ಟ್ರೋಪೋನಿನ್ ವಾರದ ಮೇಲೂ ಏರಿರುತ್ತದೆ ಎಂಬುದು ನಿಜ, ಆದರೂ ಇಳಿಯುತ್ತಿದ್ದದ್ದು ಮತ್ತೆ ಏರಿತೇ ಎಂಬುದನ್ನು ಅದೇ ಹೇಳಬಲ್ಲದಾದ್ದರಿಂದ, ರೋಗಿಗೆ ಎರಡನೆಯ ಪರೀಕ್ಷೆಯ ಖರ್ಚು ಬೇಡವೆಂದೇ ನನ್ನ ಅಭಿಪ್ರಾಯ.

ಇಸಿಜಿಯಲ್ಲಿ ಎಸ್‌ಟಿ ಏರಿಕೆ (ತೀವ್ರ ಹೃದಯಾಘಾತ ಸೂಚಿಸುವ ಗೆರೆಯ ಬದಲಾವಣೆ) ಸ್ಪಷ್ಟವಾಗಿದ್ದರೆ ನಮ್ಮ ವರದಿಗೆ ಯಾರೂ ಕಾಯಬಾರದು. ಕರ್ನಾಟಕದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುವ ತೀರ್ಮಾನಕ್ಕೂ ಇಸಿಜಿಯೇ ಆಧಾರ. ಇಸಿಜಿ ಏನನ್ನೂ ಖಚಿತವಾಗಿ ಹೇಳದ ರೋಗಿಗಳಿಗಾಗಿ ನಾನು ವರದಿಯಲ್ಲಿ ಎರಡೂ ಸಂಖ್ಯೆಗಳನ್ನು, ಅವುಗಳ ವ್ಯತ್ಯಾಸವನ್ನು, ಎರಡೂ ಮಾದರಿಗಳ ವೇಳೆಯನ್ನು ಒಂದೇ ಸಾಲಿನಲ್ಲಿ ಬರೆದು ಕಳಿಸುತ್ತೇನೆ.