ಗುಜರಿ ರೀಲು ಕೆರೆದು ಮೂರು ನಿಮಿಷದ ಸಿನಿಮಾ ಮಾಡಿದ್ದು

ಕೊನೆಗೂ ಆಯ್ತು. ಒಂದೇ ಒಂದು ಶಾಟ್ ತೆಗೆಯದೆ ಮೂರು ನಿಮಿಷದ ಸಿನಿಮಾ ಮುಗಿಸಿದೆ. ಥಿಯೇಟರಿನಲ್ಲಿ ಓಡುತ್ತಿದ್ದ ಹಳೇ 35 ಎಂಎಂ ಫಿಲ್ಮ್ ಪ್ರಿಂಟನ್ನು ಕೆರೆದೆ, ಬ್ಲೀಚಿನಲ್ಲಿ ಅದ್ದಿದೆ, ಮಣ್ಣಲ್ಲಿ ಹೂತೆ, ಆಮೇಲೆ ಒಂದೊಂದೇ ಫ್ರೇಮಿನ ಫೋಟೋ ತೆಗೆದು ಜೋಡಿಸಿದೆ. ಎಕ್ಸ್‌ಪೆರಿಮೆಂಟಲ್ ಕ್ಲಾಸಿನ ಪ್ರಾಜೆಕ್ಟಿಗೆ ಇದನ್ನೇ ಮಾಡುತ್ತೇನೆ ಅಂದಾಗ, ಬರೀ ಗೀಚಾಟ ಕಾಣುತ್ತೆ, ಚಿತ್ರ ಒಂದು ಕಡೆ ನಿಲ್ಲಲ್ಲ ಅಂದವರೇ ಜಾಸ್ತಿ. ನಾರ್ಮನ್ ಮೆಕ್‌ಲಾರೆನ್ 1940ರ ದಶಕದಲ್ಲೇ ಕೆನಡಾದಲ್ಲಿ ಫಿಲ್ಮಿನ ಮೇಲೆ ನೇರವಾಗಿ ಪೆನ್ನಿನಲ್ಲಿ ಬರೆದು ಸಿನಿಮಾ ಮಾಡಿದ್ದನ್ನು ನಾವೆಲ್ಲ ಕ್ಲಾಸಿನಲ್ಲೇ ನೋಡಿದ್ದೆವು. ಆದರೂ ನಂಬಿಕೆ ಇರಲಿಲ್ಲ. ಅವರ ಹತ್ತಿರ ಸಲಕರಣೆ ಇತ್ತು, ನಿನ್ನ ಹತ್ತಿರ ಏನಿದೆ ಅಂದರು.

ನನ್ನ ಹತ್ತಿರ ಗುಜರಿ ರೀಲು ಇತ್ತು. ಥಿಯೇಟರ್‌ಗಳು ಡಿಜಿಟಲ್ ಆದ ಮೇಲೆ ಪ್ರಿಂಟುಗಳು ಮೂಲೆ ಸೇರಿದ್ದು ಗೊತ್ತೇ ಇದೆ. ಗಾಂಧಿನಗರದಲ್ಲಿ ನಾಲ್ಕು ದಿನ ಅಲೆದೆ. ಕೊನೆಗೆ ಒಬ್ಬ ಗುಜರಿಯವರು ಸುಮಾರು ಸಾವಿರ ಅಡಿಯ ಒಂದು ಡಬ್ಬಕ್ಕೆ 600 ರೂಪಾಯಿ ಕೇಳಿದರು. ಮೊದಲ ಡಬ್ಬ ತೆಗೆದರೆ ಪೂರ್ತಿ ಹಾಡು, ಬಿಳಿ ಆಕಾಶ, ಬಿಳಿ ಸೀರೆ. ಕೆರೆಯೋಕೆ ಕಪ್ಪೇ ಇಲ್ಲ. ಮತ್ತೆ ಹೋಗಿ ರಾತ್ರಿ ಫೈಟು ಇರುವ ಡಬ್ಬ ಹುಡುಕಿ ತಂದೆ, ಅದಕ್ಕೆ 700. ನೀವು ತರುವುದಾದರೆ ಅಂಗಡಿಯಲ್ಲೇ ಒಂದು ಗಜ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಕಪ್ಪು ಯಾಕೆ ಬೇಕು ಅಂದರೆ, ಬಣ್ಣ ಇರೋದೇ ಕಪ್ಪಿನೊಳಗೆ. ಕಲರ್ ಪ್ರಿಂಟಿನಲ್ಲಿ ಮೇಲಿನ ಪದರ ಮೆಜೆಂಟಾ (ಕಡುಗುಲಾಬಿ), ನಡುವೆ ಸಯಾನ್ (ಹಸಿರು ಬೆರೆತ ನೀಲಿ), ತಳದಲ್ಲಿ ಹಳದಿ. ಮೆಲ್ಲಗೆ ಕೆರೆದರೆ ಮೆಜೆಂಟಾ ಹೋಗಿ ಹಸಿರು ಕಾಣುತ್ತದೆ. ಇನ್ನೊಂದು ಚೂರು ಒತ್ತಿದರೆ ಹಳದಿ. ಪೂರ್ತಿ ಒತ್ತಿದರೆ ಬಿಳಿ. ಬೇರೆ ಬಣ್ಣ ಹಚ್ಚಬೇಕಾಗಿಯೇ ಇಲ್ಲ, ಕೈಯ ಒತ್ತಡವೇ ಬಣ್ಣ. ಇದನ್ನು ಮೊದಲ ಸಲ ಕಂಡ ರಾತ್ರಿ ನಾನು ಮಲಗಲಿಲ್ಲ. ಆದರೆ ಒಂದೇ ಹಸಿರನ್ನು ಇಪ್ಪತ್ತು ಫ್ರೇಮಿನಲ್ಲಿ ಬಿಡದೆ ತರೋದು ಬಹಳ ಕಷ್ಟ. ಹೊಲಿಗೆ ಸೂಜಿ ನೇರ ಬಿಳಿಗೇ ಇಳಿಯುತ್ತೆ. ಬ್ಲೇಡು ಅಗಲ ಆಯ್ತು, ಉಪ್ಪುಕಾಗದ ಬರೀ ಮಂಜು ಮಾಡಿತು. ನಲವತ್ತು ಅಡಿ ಹಾಳು ಮಾಡಿದ ಮೇಲೆ ಅಡುಗೆಮನೆಯ ಒಂದು ವಸ್ತು ಸರಿಹೋಯ್ತು. ಅದು ಯಾವುದು ಅಂತ ಈಗ ಹೇಳಲ್ಲ, ಮುಂದಿನ ಸೆಮಿಸ್ಟರಿಗೆ ಅದನ್ನೇ ನಂಬಿದ್ದೇನೆ. ಕೆರೆಯುವ ಮುಂಚೆ ಫಿಲ್ಮನ್ನು ಒದ್ದೆ ಮಾಡಬೇಕು ಅನ್ನೋದನ್ನು ಮಾತ್ರ ಹೇಳಬಲ್ಲೆ. ಬಣ್ಣದ ಪದರಗಳನ್ನು ಹಿಡಿದಿರೋ ಅಂಟು ಜಿಲಾಟಿನ್, ನೀರು ಕುಡಿದು ಮೆತ್ತಗಾಗಿ, ಹೇಳಿದ ಮಾತು ಕೇಳುತ್ತೆ.

ಬ್ಲೀಚಿನ ವಿಷಯಕ್ಕೆ ಬರುತ್ತೇನೆ. ಮನೆ ಒರೆಸೋ ಬ್ಲೀಚು, ಅರ್ಧಕ್ಕರ್ಧ ನೀರು. ಮೊದಲ ಸಲ ಒಂದು ನಿಮಿಷ ಬಿಟ್ಟೆ, ಎಮಲ್ಷನ್, ಅಂದರೆ ಬಣ್ಣ ಇರೋ ಜಿಲಾಟಿನ್ ಪದರ, ಪೂರ್ತಿ ಕರಗಿ ಬರೀ ಪ್ಲಾಸ್ಟಿಕ್ ಪಟ್ಟಿ ಕೈಗೆ ಬಂತು. ಹತ್ತು ಸೆಕೆಂಡು ಸಾಕು. ಬ್ರಷ್ಷಿನಲ್ಲಿ ಹನಿ ಹನಿ ಇಟ್ಟರೆ ಅಂಚಿನಲ್ಲಿ ಹಸಿರು, ಹಳದಿ ಬಳೆಗಳು ಬರುತ್ತವೆ, ನೋಡೋಕೆ ನವಿಲುಗರಿ ಕಣ್ಣಿನ ಹಾಗೆ. ಒಂದು ದೊಡ್ಡ ತಪ್ಪು ಮಾಡಿದೆ, ನೀವು ಮಾಡಬೇಡಿ. ಬ್ಲೀಚಿನ ಕೆಲಸ ಬೇಗ ನಿಲ್ಲಿಸೋಣ ಅಂತ ವಿನೆಗರ್ ಹಾಕಿದೆ. ಕ್ಲೋರಿನ್ ಗಾಳಿ ಎದ್ದು, ಬಚ್ಚಲಿಂದ ಕೆಮ್ಮುತ್ತಾ ಆಚೆ ಓಡಿದೆ, ಎರಡು ದಿನ ಗಂಟಲು ಉರಿ. ತಣ್ಣೀರಲ್ಲಿ ತೊಳೆದರೆ ಸಾಕು. ಕಿಟಕಿ ತೆಗೆದಿರಲಿ.

ಹೂಳೋದು ಸುಮ್ನೆ ಶುರುವಾದದ್ದು. ಬೆಂಗಳೂರಲ್ಲಿ ಹೂಕುಂಡದೊಳಗೆ ಮೂರು ವಾರ ಇಟ್ಟೆ, ಧೂಳು ಬಿಟ್ಟು ಏನೂ ಆಗಲಿಲ್ಲ. ಜುಲೈನಲ್ಲಿ ಸಾಗರದ ಹತ್ತಿರ ಅಜ್ಜಿ ಮನೆಗೆ ಹೋದಾಗ ಅಡಿಕೆ ತೋಟದಲ್ಲಿ ಹತ್ತು ಅಡಿ ಹೂತು ಬಂದೆ. ಐದು ವಾರ ಬಿಟ್ಟು ತೆಗೆಸಿದರೆ ಗಾಜಿನಷ್ಟು ಸ್ವಚ್ಛ, ಮಣ್ಣಿನ ಬ್ಯಾಕ್ಟೀರಿಯಾ ಜಿಲಾಟಿನನ್ನೆಲ್ಲ ತಿಂದಿದ್ದವು. ಇನ್ನೊಂದು ತುಂಡು ಒಂಬತ್ತು ದಿನಕ್ಕೆ ತೆಗೆಸಿದೆ. ಅದು ಚಿನ್ನ! ಫೈಟಿನ ಹೀರೋ ಮುಖ ಅರ್ಧ ಉಳಿದು, ಉಳಿದರ್ಧ ಬೇರು ಬಿಟ್ಟ ಹಾಗೆ ಕವಲೊಡೆದಿತ್ತು. ಗೊಬ್ಬರ ಗುಂಡಿಯಲ್ಲೂ ಒಂದು ತುಂಡು ನಾಲ್ಕು ದಿನ ಇಟ್ಟು ನೋಡಿದೆ, ಕಂದು ಕಲೆ ಚೆನ್ನಾಗಿದ್ದವು, ವಾಸನೆ ಮಾತ್ರ ಇನ್ನೂ ಹೋಗಿಲ್ಲ.

ಓಕುಳಿ ಪ್ರಯೋಗ ಪ್ರಾಜೆಕ್ಟಿಗೆ ಬೇಕಿರಲಿಲ್ಲ, ಆದರೂ ಅದೇ ನನಗೆ ಬಹಳ ಇಷ್ಟ. ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ಮಾಡಿ, ಜಿಲಾಟಿನ್ ಅಲ್ಪಸ್ವಲ್ಪ ಉಳಿದ ತೆಳು ಪಟ್ಟಿಗೆ ಹಚ್ಚಿದೆ. ಜಿಲಾಟಿನ್ ಇರುವ ಕಡೆಗೇ ಹಚ್ಚಬೇಕು, ಬರೀ ಪ್ಲಾಸ್ಟಿಕ್ ಕಡೆ ನೀರಿನ ಬಣ್ಣ ನಿಲ್ಲಲ್ಲ. ಯಾವ ಕಡೆ ಅಂತ ಗೊತ್ತಾಗದಿದ್ದರೆ ಒದ್ದೆ ತುಟಿಗೆ ತಾಗಿಸಿ, ಅಂಟುವ ಕಡೆ ಎಮಲ್ಷನ್. ಕುಂಕುಮದಂಥ ಕೆಂಪು ಬಂತು. ಎರಡು ದಿನಕ್ಕೆ ಅಂಚಿಂದ ಹಳದಿಗೆ ತಿರುಗೋಕೆ ಶುರುವಾಯ್ತು, ಗಾಳಿಗೆ ಸುಣ್ಣದ ಖಾರ ಇಳಿದ ಹಾಗೆಲ್ಲ ಅರಿಶಿನ ಮತ್ತೆ ಅರಿಶಿನವೇ. ಹಾಗಾಗಿ ಹಚ್ಚಿದ ದಿನವೇ ಫೋಟೋ ತೆಗೆಯಬೇಕು.

ನಿಜವಾದ ಜಗಳ ಸ್ಕ್ಯಾನಿಂಗಿನದು. ಲ್ಯಾಬಿನಲ್ಲಿ ಮಾಡಿಸಿದರೆ ನನ್ನ ತಿಂಗಳ ಮೆಸ್ ಬಿಲ್ಲಿಗಿಂತ ಎಷ್ಟೋ ಜಾಸ್ತಿ. ಅದಲ್ಲದೆ ಮಣ್ಣು ಮೆತ್ತಿದ ಫಿಲ್ಮನ್ನು ಯಾರೂ ಮಷಿನ್ನಿಗೆ ಹಾಕಲ್ಲ. ಹಾಗಾಗಿ ನಾನೇ ಫೋಟೋ ತೆಗೆದೆ: ಗೆಳೆಯನ ಡಿಎಸ್ಎಲ್ಆರ್, ಹತ್ತಿರದಿಂದ ತೆಗೆಯೋಕೆ ಲೆನ್ಸಿನ ಹಿಂದೆ ಹಾಕೋ 1,100 ರೂಪಾಯಿಯ ಎಕ್ಸ್‌ಟೆನ್ಷನ್ ಟ್ಯೂಬು, 900ರ ಎಲ್ಇಡಿ ಲೈಟ್ ಪ್ಯಾಡು, ಫಿಲ್ಮು ಹಿಡಿಯೋಕೆ ರಟ್ಟಿನ ಗೇಟು. ಮೊದಲ ಇನ್ನೂರು ಫೋಟೋ ಓಡಿಸಿದರೆ ಚಿತ್ರ ಕುಣಿಯುತ್ತಿತ್ತು, ಜೊತೆಗೆ ಮಿಣುಕು. ಪ್ಯಾಡಿನ ಬೆಳಕು ಕಡಿಮೆ ಮಾಡಿದ್ದೇ ಮಿಣುಕಿಗೆ ಕಾರಣ. ಡಿಮ್ ಮಾಡಿದರೆ ಎಲ್ಇಡಿ ಒಳಗೊಳಗೇ ಹತ್ತಿ ಆರುತ್ತಿರುತ್ತದೆ. ಬೆಳಕು ಪೂರ್ತಿ ಇಟ್ಟು, ಶಟರ್ ಹತ್ತನೇ ಒಂದು ಸೆಕೆಂಡಿಗೆ ಇಳಿಸಿದ ಮೇಲೆ ಹೋಯ್ತು.

ಕುಣಿತ ಒಂದು ವಾರ ತಿಂದಿತು. ಫ್ರೇಮಿಗೆ ನಾಲ್ಕು ಪರ್ಫರೇಶನ್ (ಫಿಲ್ಮಿನ ಅಂಚಿನ ತೂತು), ಅದರ ಅಂಚು ಹಿಡಿದು ಸಾಫ್ಟ್‌ವೇರಿನಲ್ಲಿ ಟ್ರ್ಯಾಕ್ ಮಾಡಿದೆ, ಅಂದರೆ ಎಲ್ಲ ಫೋಟೋದಲ್ಲೂ ತೂತು ಒಂದೇ ಜಾಗಕ್ಕೆ ಬರೋ ಹಾಗೆ ಕೂರಿಸಿದೆ. ಆದರೂ ಅಲ್ಲಲ್ಲಿ ಹಾರುತ್ತಿತ್ತು. ನೋಡಿದರೆ ಸೌಂಡ್ ಟ್ರ್ಯಾಕ್ ಕಡೆಯ ತೂತುಗಳ ನಡುವೆ ಸಿನಿಮಾದ ಧ್ವನಿ ಇರೋ ಡಾಲ್ಬಿ ಡಿಜಿಟಲ್ಲಿನ ಸಣ್ಣ ಚುಕ್ಕಿಚೌಕಗಳಿದ್ದವು, ಟ್ರ್ಯಾಕರ್ ಅದನ್ನು ಹಿಡಿದು ದಾರಿ ತಪ್ಪುತ್ತಿತ್ತು. ಎದುರು ಕಡೆಯ ತೂತು ಹಿಡಿದೆ. ಚಿತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ರಾತ್ರಿ ಎರಡೂವರೆಗೆ ಹಾಸ್ಟೆಲಿನವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಸೆಕೆಂಡಿಗೆ 24 ಫ್ರೇಮಿನ ಹಾಗೆ, ಒಂದು ಫ್ರೇಮನ್ನು ಎರಡು ಸಲ ಇಟ್ಟು ಓಡಿಸಿದ್ದರಿಂದ ಮೂರು ನಿಮಿಷಕ್ಕೆ 2,160 ಫೋಟೋ, ಅಂದರೆ 135 ಅಡಿ ಫಿಲ್ಮು ಸಾಕಾಯ್ತು. ತುಂಡು ಜೋಡಿಸೋಕೆ ಫಿಲ್ಮ್ ಸಿಮೆಂಟ್ ಅನ್ನೋ ಅಂಟಿನ ಹಳೇ ಬಾಟಲಿಗೆ 450 ಕೊಟ್ಟದ್ದು ಮಾತ್ರ ದಂಡ. ಈಚಿನ ಪ್ರಿಂಟುಗಳು ಪಾಲಿಯೆಸ್ಟರ್, ಸಿಮೆಂಟ್ ಹಿಡಿಯೋದೇ ಇಲ್ಲ, ಟೇಪೇ ಹಾಕಬೇಕು. ಎಲ್ಲ ಸೇರಿ 4,200ರ ಆಸುಪಾಸು ಆಯ್ತು. ಕ್ಲಾಸಿನ ಇನ್ನೊಂದು ತಂಡ ಎರಡು ದಿನದ ಕ್ಯಾಮೆರಾ ಬಾಡಿಗೆಗೇ ಏಳು ಸಾವಿರ ಕೊಟ್ಟಿತ್ತು.

ಶೋ ದಿನ ದೀಪ ಆರಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಬೇರು ಬಿಟ್ಟ ಮುಖ ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬರು ಉಸಿರೆಳೆದದ್ದು ನನಗೆ ಕೇಳಿಸಿತು. ಗೀಚಾಟ ಅಂದಿದ್ದವರಲ್ಲಿ ಇಬ್ಬರು ಆಮೇಲೆ ಬಂದು ಡಬ್ಬದಲ್ಲಿ ಫಿಲ್ಮು ಉಳಿದಿದೆಯಾ ಅಂತ ಕೇಳಿದರು. ತಲಾ ಐವತ್ತು ಅಡಿ ಕತ್ತರಿಸಿ ಕೊಟ್ಟೆ, ಬಿಳಿ ಸೀರೆಯ ಡಬ್ಬದಿಂದ. ಫೈಟಿನದು ನನಗೇ ಬೇಕು, ಮುಂದಿನ ಮಳೆಗೆ ಹೂಳೋಕೆ ಜಾಗ ನೋಡಿಟ್ಟಿದ್ದೇನೆ.