ಮಗುವಿನ ಶಾಲೆಯಲ್ಲಿ ನಿಮ್ಮ ಮಾತಿಗೂ ಜಾಗವಿದೆ: ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಬಂದ ಹೊಸಬರು ಪಂಕ್ತಿಯಲ್ಲಿ ಕೂರುವ ಮೊದಲೇ ಕೇಳುವುದು ಎರಡು ಪ್ರಶ್ನೆ: ಯಾವ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಚೆನ್ನಾಗಿದೆ, ಅಲ್ಲಿ ಬಾಡಿಗೆ ಎಷ್ಟು. ನಿಜದಲ್ಲಿ ಅವೆರಡೂ ಒಂದೇ ಪ್ರಶ್ನೆ. ಇಲ್ಲಿನ ಸರ್ಕಾರಿ ಶಾಲೆಗೆ ಫೀಸಿಲ್ಲ, ಆದರೆ ಹೆಚ್ಚಿನ ಊರುಗಳಲ್ಲಿ ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುವುದರಿಂದ ಆ ದುಡ್ಡನ್ನು ನಾವು ಮನೆಯ ಮಾಲೀಕರಿಗೆ ತಿಂಗಳು ತಿಂಗಳು ಕೊಡುತ್ತೇವೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಂದ ನಮ್ಮಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆಯ ಮೆಟ್ಟಿಲು ಹತ್ತಿ ಒಂದು ತಲೆಮಾರಾಗಿದೆ. ಊರಿನ ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಇರುವ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆಯೆಂದು ಗೊತ್ತಿದ್ದರೂ ಅದು ನಮ್ಮ ಕೆಲಸವಲ್ಲ ಎಂದುಕೊಂಡು ಬೆಳೆದವರು ನಾವು. ಖಾಸಗಿ ಶಾಲೆ ಸರಿಬರದಿದ್ದರೆ ಮಗುವನ್ನು ಬಿಡಿಸಿ ಇನ್ನೊಂದಕ್ಕೆ ಹಾಕುವುದಷ್ಟೇ ನಮಗೆ ಗೊತ್ತಿದ್ದ ದಾರಿ. ಇಲ್ಲಿಗೆ ಬಂದ ಮೇಲೂ ಅದನ್ನೇ ಮಾಡುತ್ತೇವೆ. ಮನೆ ಬದಲಿಸುತ್ತೇವೆ, ಡಿಸ್ಟ್ರಿಕ್ಟಿನ ಶಾಲೆಗಳ ಬಗ್ಗೆ ತೀರ್ಮಾನಿಸುವ ಚುನಾಯಿತ ಸ್ಕೂಲ್ ಬೋರ್ಡಿನ ಸಭೆಗೆ ಹೋಗುವುದಿಲ್ಲ. ನಿಮ್ಮ ವೀಸಾ ಯಾವುದೇ ಇರಲಿ, ಬಂದ ಮೊದಲ ವಾರದಿಂದಲೇ ಆ ಸಭೆಯಲ್ಲಿ ಎದ್ದು ಮಾತಾಡಲು ನಿಮಗೆ ಹಕ್ಕಿದೆ. ಅದನ್ನು ತಿಳಿಸುವುದಕ್ಕೇ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ.

ಸೇರಿಸುವ ದಿನ

ಸೆಪ್ಟೆಂಬರ್ 1ರೊಳಗೆ ಐದು ತುಂಬಿದ ಮಗುವಿಗೆ ಕಿಂಡರ್‌ಗಾರ್ಟನ್, ನಾಲ್ಕು ತುಂಬಿದ ಮಗುವಿಗೆ ಅದಕ್ಕಿಂತ ಮುಂಚಿನ ಟಿಕೆ (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್) ತರಗತಿ. ವಯಸ್ಸಿನ ದಾಖಲೆ, ಲಸಿಕೆಯ ಪಟ್ಟಿ, ವಿಳಾಸಕ್ಕೆ ಲೀಸ್ ಮತ್ತು ಕರೆಂಟ್ ಬಿಲ್ ಹಿಡಿದು ಹೋಗಿ. ಊರಿನ ಲಸಿಕೆ ಕಾರ್ಡನ್ನು ಮರೆಯದೇ ತನ್ನಿ. ನಂಬಿಕೆಯ ಕಾರಣ ಕೊಟ್ಟು ಲಸಿಕೆ ತಪ್ಪಿಸುವ ಅವಕಾಶವನ್ನು ಕ್ಯಾಲಿಫೋರ್ನಿಯಾ 2015ರ ಕಾನೂನಿನಿಂದ ತೆಗೆದುಹಾಕಿದೆ. ವಲಸೆಯ ಕಾಗದವನ್ನು ಮಾತ್ರ ಶಾಲೆಗೆ ತೋರಿಸಬೇಕಾಗಿಲ್ಲ. ಕಾಗದಪತ್ರವಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆದೇ ಇರಬೇಕೆಂದು ಸುಪ್ರೀಂ ಕೋರ್ಟ್ 1982ರಲ್ಲಿ ಟೆಕ್ಸಾಸ್‌ನ ಪ್ಲೈಲರ್ ಪ್ರಕರಣದಲ್ಲಿ ಹೇಳಿಯಾಗಿದೆ.

ಅದೇ ದಿನ ಮನೆಮಾತಿನ ಬಗ್ಗೆ ಒಂದು ಫಾರಂ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು, ನೀವು ಮಗುವಿನೊಡನೆ ಯಾವುದರಲ್ಲಿ ಮಾತಾಡುತ್ತೀರಿ ಎಂದು ಅದು ಕೇಳುತ್ತದೆ. ಕನ್ನಡ ಎಂದು ಬರೆದರೆ, ಟಿಕೆ ದಾಟಿದ ಮಗುವಿಗೆ ಮೂವತ್ತು ದಿನಗಳೊಳಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಅದಕ್ಕೆ ಹೆದರಿ ನಮ್ಮವರಲ್ಲಿ ಎಷ್ಟೋ ಮಂದಿ 'ಇಂಗ್ಲಿಷ್' ಎಂದು ಬರೆದುಬಿಡುತ್ತಾರೆ. ನಾನೂ ಹಾಗೇ ಬರೆದಿದ್ದೆ. ಅಜ್ಜಿಯ ಕೈಯಲ್ಲಿ ಬೆಳೆದು ಕನ್ನಡದಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ ಮಗಳು ಮೂರು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಟೀಚರು ಕರೆದು ಮಗುವಿಗೆ ಕಿವಿ ಕೇಳಿಸುತ್ತದೆಯೇ ಎಂದು ಕೇಳಿದರು. ಫಾರಂ ತಿದ್ದಿಸಿದ ಮೇಲೆ ದಿನವೂ ಅವಳಿಗಾಗಿಯೇ ಅರ್ಧ ಗಂಟೆ ಭಾಷೆ ಕಲಿಸುವ ಟೀಚರು ಸಿಕ್ಕರು. ಆ ಮೂರು ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ನಿಜ ಬರೆಯಿರಿ. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಮೊದಲ ಪರೀಕ್ಷೆಯಲ್ಲೇ ಅದು ಗೊತ್ತಾಗಿ ವಿಷಯ ಅಲ್ಲಿಗೆ ಮುಗಿಯುತ್ತದೆ. ಬರದಿದ್ದರೆ ಸಹಾಯ ಸಿಗುತ್ತದೆ. ಇಂಗ್ಲಿಷ್ ಕಲಿಯುವ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದ ಮಗುವಿಗೆ ಮಿಡಲ್ ಸ್ಕೂಲಿನಲ್ಲಿ ಇಷ್ಟದ ವಿಷಯಕ್ಕೆ ಪಿರಿಯಡ್ ಸಿಗದೇ ಹೋಗುವುದುಂಟು. ಹಾಗಾಗಿ ಪಟ್ಟಿಯಿಂದ ಯಾವಾಗ ಹೊರಬರುತ್ತದೆ ಎಂದು ಪ್ರತಿವರ್ಷ ಕೇಳುತ್ತಿರಿ.

ಈ ಸಹಾಯ ತಾನಾಗಿ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕುಟುಂಬಗಳು ಕೋರ್ಟಿನ ಮೆಟ್ಟಿಲು ಹತ್ತಿ ಗಳಿಸಿಕೊಟ್ಟದ್ದು. ಅರ್ಥವಾಗದ ಭಾಷೆಯಲ್ಲಿ ಪಾಠ ಹೇಳಿ ಸುಮ್ಮನಾಗುವುದು ಸಮಾನ ಶಿಕ್ಷಣವಲ್ಲ ಎಂದು 1974ರಲ್ಲಿ ಲಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಸುಮಾರು ತೊಂಬತ್ತು ವರ್ಷ ಹಿಂದೆ ಇದೇ ಊರಲ್ಲಿ ಜೋಸೆಫ್ ಮತ್ತು ಮೇರಿ ಟೇಪ್ ಎಂಬ ದಂಪತಿ ತಮ್ಮ ಎಂಟು ವರ್ಷದ ಮಗಳು ಮೇಮಿಯನ್ನು ಚೀನೀ ಎಂಬ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿದ್ದಾಗ ದಾವೆ ಹೂಡಿ 1885ರಲ್ಲಿ ಗೆದ್ದಿದ್ದರು. ಗೆದ್ದ ಮೇಲೂ ಆಡಳಿತದವರು ಚೀನೀ ಮಕ್ಕಳಿಗೆಂದು ಬೇರೆಯೇ ಶಾಲೆ ತೆರೆದು ಮೇಮಿಯನ್ನು ಅಲ್ಲಿಗೆ ಕಳಿಸಿದರು. ಈ ಕತೆಯನ್ನು ನಾನು ಪ್ರತಿ ಹೊಸ ಕುಟುಂಬಕ್ಕೂ ಹೇಳುತ್ತೇನೆ. ನಮ್ಮ ಮಕ್ಕಳು ನಡೆದುಹೋಗುವ ಬಾಗಿಲನ್ನು ಬೇರೆ ಯಾರದೋ ಅಪ್ಪ ಅಮ್ಮ ತೆರೆಸಿದ್ದಾರೆ.

ಡೊನೇಷನ್ ಕಾಗದ ಮತ್ತು ಡಿಸೆಂಬರ್ ರಜೆ

ಶಾಲೆ ಶುರುವಾದ ಮೇಲೆ, ಮಗುವೊಂದಕ್ಕೆ ಇಷ್ಟು ಡಾಲರ್ ಕೊಡಿ ಎಂಬ ಕಾಗದ ಬರಬಹುದು. ಗಾಬರಿಯಾಗಬೇಡಿ, ಇದು ಬೆಂಗಳೂರಿನ ಡೊನೇಷನ್ ಅಲ್ಲ. ಪಾಠಕ್ಕಾಗಲಿ, ಪಾಠದ ಭಾಗವಾದ ಚಟುವಟಿಕೆಗಾಗಲಿ ಸರ್ಕಾರಿ ಶಾಲೆ ಶುಲ್ಕ ಕೇಳುವಂತಿಲ್ಲವೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1984ರಲ್ಲೇ ತೀರ್ಪು ಕೊಟ್ಟಿದೆ. ಕೊಡುವುದು, ಬಿಡುವುದು ನಿಮಗೆ ಬಿಟ್ಟದ್ದು. ಆದರೂ ಆ ಕಾಗದ ಏಕೆ ಬಂತೆಂದು ತಿಳಿದುಕೊಳ್ಳಿ. 1978ರ ಪ್ರೊಪೊಸಿಷನ್ 13 ಆಸ್ತಿ ತೆರಿಗೆಗೆ ಕಡಿವಾಣ ಹಾಕಿದಾಗಿನಿಂದ ಊರಿನವರು ಶಾಲೆಗೆಂದು ಹೊಸ ತೆರಿಗೆ ಹಾಕಿಕೊಳ್ಳುವುದು ಕಷ್ಟವಾಗಿದೆ. ಉಳ್ಳವರ ಊರಿನ ಪೋಷಕರು ಚಂದಾ ಎತ್ತಿ ಸಂಗೀತದ ಟೀಚರನ್ನು ಉಳಿಸಿಕೊಳ್ಳುತ್ತಾರೆ. ಪಕ್ಕದ ಬಡ ಊರಿನ ಶಾಲೆಯಲ್ಲಿ ಆ ಟೀಚರು ಇರುವುದಿಲ್ಲ.

ಡಿಸೆಂಬರಿನಲ್ಲಿ ಮದುವೆಗೋ ಉಪನಯನಕ್ಕೋ ಐದು ವಾರ ಊರಿಗೆ ಹೊರಡುವ ಮುನ್ನ ಶಾಲೆಯ ಆಫೀಸಿಗೆ ಹೋಗಿ ಶಾಲೆಗೆ ಬಾರದ ದಿನಗಳ ಪಾಠವನ್ನು ಮಗು ಹೊರಗಿದ್ದೇ ಮಾಡುವ 'ಇಂಡಿಪೆಂಡೆಂಟ್ ಸ್ಟಡಿ' ಒಪ್ಪಂದಕ್ಕೆ ಸಹಿ ಹಾಕಿ. ಇಲ್ಲಿ ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯ ದುಡ್ಡು ಕೊಡುವುದು ಮಕ್ಕಳ ದಿನದ ಸರಾಸರಿ ಹಾಜರಿ ನೋಡಿ. ಮಗು ಬಾರದ ದಿನ ಶಾಲೆಗೂ ಅಷ್ಟು ನಷ್ಟ. ಹೇಳದೆ ಹೋದರೆ ಮಗುವಿನ ಸೀಟೇ ಹೋಗಬಹುದು.

'ಸ್ಕೂಲ್ ಚಾಯ್ಸ್' ಎಂಬ ಜಗಳ

ಹಾಜರಿಯ ಈ ಲೆಕ್ಕ ಗೊತ್ತಾದರೆ, ಮಗುವಿನ ಶಾಲೆಯನ್ನು ಪೋಷಕರೇ ಆರಿಸಿಕೊಳ್ಳುವ 'ಸ್ಕೂಲ್ ಚಾಯ್ಸ್' ಬಗೆಗಿನ ದೊಡ್ಡ ಜಗಳದ ಬೇರು ಅರ್ಧ ಅರ್ಥವಾದಂತೆ. ಮಗು ಶಾಲೆ ಬಿಟ್ಟರೆ ಅದರ ಹಿಂದೆಯೇ ದುಡ್ಡೂ ಹೋಗುತ್ತದೆ. ಸರ್ಕಾರದ ದುಡ್ಡಿನಲ್ಲೇ ನಡೆಯುವ, ಆದರೆ ಡಿಸ್ಟ್ರಿಕ್ಟಿನ ಎಷ್ಟೋ ನಿಯಮಗಳಿಂದ ಹೊರಗಿರುವ ಚಾರ್ಟರ್ ಶಾಲೆಗಳಿಗೆ ಮೊದಲು ಕಾನೂನು ಮಾಡಿದ್ದು 1991ರಲ್ಲಿ ಮಿನ್ನೆಸೋಟ, ಮರುವರ್ಷವೇ ಕ್ಯಾಲಿಫೋರ್ನಿಯಾ. ಅವುಗಳಿಗೆ ಫೀಸಿಲ್ಲ, ಅರ್ಜಿ ಹೆಚ್ಚು ಬಂದರೆ ಚೀಟಿ ಎತ್ತುತ್ತಾರೆ. ಚಾರ್ಟರ್ ಪರವಾಗಿರುವ ತಾಯಂದಿರು ಹೇಳುವುದನ್ನು ಕಿವಿಗೊಟ್ಟು ಕೇಳಿ: ದುಬಾರಿ ಊರಿಗೆ ಮನೆ ಬದಲಿಸುವ ಶಕ್ತಿ ನಮಗಿಲ್ಲ, ನಿಮಗೆ ಬಾಡಿಗೆ ಕೊಟ್ಟು ಸಿಗುವ ಆಯ್ಕೆ ನಮಗೆ ಇಲ್ಲಾದರೂ ಸಿಗಲಿ. ಎದುರು ಬದಿಯ ಟೀಚರ ಸಂಘ ಮತ್ತು ಅನೇಕ ಪೋಷಕರು ಹೇಳುವುದೂ ಸತ್ಯವೇ: ಮೂವತ್ತು ಮಕ್ಕಳು ಬೇರೆ ಬೇರೆ ತರಗತಿಗಳಿಂದ ಬಿಟ್ಟುಹೋದರೆ ಶಾಲೆಯ ಮಾಡು ಸೋರುವುದೂ ಬಸ್ಸಿನ ಖರ್ಚೂ ಕಡಿಮೆಯಾಗುವುದಿಲ್ಲ, ಉಳಿದ ಮಕ್ಕಳ ಪಾಲಿಗೆ ಬರುವ ದುಡ್ಡು ಮಾತ್ರ ಇಳಿಯುತ್ತದೆ.

ಖಾಸಗಿ ಶಾಲೆಗೆ ಸರ್ಕಾರದ ದುಡ್ಡು ಕೊಡುವ ವೌಚರ್ ಯೋಜನೆಯನ್ನು ಕ್ಯಾಲಿಫೋರ್ನಿಯಾದ ಮತದಾರರು 1993ರಲ್ಲೂ 2000ದಲ್ಲೂ ತಿರಸ್ಕರಿಸಿದ್ದಾರೆ. ಇಲ್ಲಿಂದ ಫೀನಿಕ್ಸ್‌ಗೋ ಡಲ್ಲಾಸ್‌ಗೋ ಹೋಗುವ ನೆಂಟರಿಗೆ ಲೆಕ್ಕ ಬೇರೆ. ಅರಿಜೋನ 2022ರಲ್ಲಿ ಇಂಥ ಯೋಜನೆಯನ್ನು ಎಲ್ಲ ಮಕ್ಕಳಿಗೂ ತೆರೆಯಿತು, ಟೆಕ್ಸಾಸ್ 2025ರಲ್ಲಿ ಕಾನೂನು ಮಾಡಿತು.

ಕ್ಯಾಲಿಫೋರ್ನಿಯಾ 2010ರಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿತು. ವರ್ಷಾನುಗಟ್ಟಲೆ ಹಿಂದುಳಿದ ಶಾಲೆಯ ಅರ್ಧಕ್ಕಿಂತ ಹೆಚ್ಚು ಪೋಷಕರು ಸಹಿ ಹಾಕಿದರೆ ಆ ಶಾಲೆಯ ಆಡಳಿತವನ್ನೇ ಬದಲಿಸಬಹುದೆಂದು ಕಾನೂನು ಮಾಡಿತು. ಅದರ ಹೆಸರು 'ಪೇರೆಂಟ್ ಟ್ರಿಗರ್'. ಮರುಭೂಮಿಯಂಚಿನ ಅಡೆಲಾಂಟೊ ಊರಿನಲ್ಲಿ ಹೀಗೆ ಸಹಿ ಕೂಡಿಸಿ 2013ರಲ್ಲಿ ಒಂದು ಶಾಲೆಯನ್ನು ಚಾರ್ಟರ್ ಮಾಡಿದರು. ಅಷ್ಟರಲ್ಲಿ ಊರಿನ ಪೋಷಕರೇ ಎರಡು ಪಾಳೆಯವಾಗಿದ್ದರು. ಯಾರಾದರೂ ನಿಮ್ಮ ಮುಂದೆ ಕಾಗದ ಹಿಡಿದು ಸಹಿ ಕೇಳಿದರೆ ಪೂರ್ತಿ ಓದಿ, ಒಂದು ರಾತ್ರಿ ಯೋಚಿಸಿ ಹಾಕಿ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದದ್ದು

ಈ ನಗರದ ಪಬ್ಲಿಕ್ ಶಾಲೆಗಳಲ್ಲಿ ಮನೆಯೆದುರಿನ ಶಾಲೆಯೇ ಸಿಗುತ್ತದೆಂಬ ಖಾತ್ರಿಯಿಲ್ಲ. ಇಷ್ಟದ ಶಾಲೆಗಳ ಪಟ್ಟಿ ಬರೆದುಕೊಟ್ಟು ಲಾಟರಿಗೆ ಕಾಯಬೇಕು. ಹಾಗಾಗಿ ಇಲ್ಲಿನ ಪೋಷಕರಿಗೆ ಶಾಲೆಯ ರಾಜಕೀಯ ದಿನನಿತ್ಯದ ಮಾತು.

2014ರಲ್ಲಿ ಡಿಸ್ಟ್ರಿಕ್ಟ್ ಎಂಟನೆಯ ತರಗತಿಯಿಂದ ಆಲ್ಜೀಬ್ರಾ ತೆಗೆದು ಒಂಬತ್ತಕ್ಕೆ ಹಾಕಿತು. ಮಕ್ಕಳನ್ನು ಬೇಗನೆ ಜಾಣರು, ದಡ್ಡರು ಎಂದು ವಿಂಗಡಿಸಿದರೆ ಕಪ್ಪು ಮತ್ತು ಲ್ಯಾಟಿನೋ ಮಕ್ಕಳೇ ಕೆಳಗೆ ಉಳಿಯುತ್ತಾರೆ ಎಂಬುದು ಕಾರಣ. ಆ ಕಾಳಜಿ ಸುಳ್ಳಲ್ಲ. ಆದರೆ ದುಡ್ಡಿದ್ದವರು ಹೊರಗೆ ಟ್ಯೂಷನ್ ಕೊಡಿಸಿದರು, ಇಲ್ಲದವರ ಮಕ್ಕಳಿಗೆ ದಾರಿ ಮುಚ್ಚಿತು. ಕೋವಿಡ್ ಬಂದು ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದಾಗ, 2021ರ ಜನವರಿಯಲ್ಲಿ ಸ್ಕೂಲ್ ಬೋರ್ಡ್ 44 ಶಾಲೆಗಳ ಹೆಸರು ಬದಲಿಸಲು ಮತ ಹಾಕಿತು. ಮರು ತಿಂಗಳು, 1856ರಲ್ಲಿ ಶುರುವಾದ ಲೋವೆಲ್ ಹೈಸ್ಕೂಲಿನಲ್ಲಿ ಅಂಕ ನೋಡಿ ಸೀಟು ಕೊಡುವ ಪದ್ಧತಿಯನ್ನು ಕೈಬಿಟ್ಟು ಲಾಟರಿ ತಂದಿತು. ಪೋಷಕರ ಸಿಟ್ಟು ಕಟ್ಟೆಯೊಡೆಯಿತು. ಶಿವ ರಾಜ್ ಮತ್ತು ಆಟಂ ಲೂಯೆನ್ ಎಂಬ ಇಬ್ಬರು ಪೋಷಕರು ಬೋರ್ಡ್ ಸದಸ್ಯರನ್ನು ವಾಪಸ್ ಕರೆಸುವ ಚಳವಳಿ ಶುರುಮಾಡಿದರು. 2022ರ ಫೆಬ್ರವರಿ 15ರಂದು ಮೂವರು ಸದಸ್ಯರನ್ನು ಮತದಾರರು ಭಾರೀ ಬಹುಮತದಿಂದ ಕೆಳಗಿಳಿಸಿದರು. ಆ ಬೇಸಿಗೆಯಲ್ಲೇ ಲೋವೆಲ್‌ಗೆ ಹಳೆಯ ಪದ್ಧತಿ ಮರಳಿತು. 2024ರ ಮಾರ್ಚಿನಲ್ಲಿ, ಎಂಟನೆಯ ತರಗತಿಗೆ ಆಲ್ಜೀಬ್ರಾ ವಾಪಸ್ ತನ್ನಿ ಎಂಬ ಸಲಹೆಗೆ ನಗರದ ಸುಮಾರು ನೂರಕ್ಕೆ 80 ಮತ ಬಿತ್ತು.

ಆಲ್ಜೀಬ್ರಾ ಮರಳಿದ್ದು ನನಗೆ ಸಂತೋಷವೇ. ಆದರೆ ಗಣಿತಕ್ಕೆ ಕೈ ಹಾಕಿದ ದಿನ ಕೊಠಡಿ ತುಂಬಿಸಿದ ನಮ್ಮ ಜನ, ಬಡ ಬೀದಿಯ ಶಾಲೆ ಮುಚ್ಚುವ ಮಾತು ಬಂದ ದಿನ ಒಬ್ಬರೂ ಕಾಣಲಿಲ್ಲವೆಂಬುದು ನನ್ನನ್ನು ಕೊರೆಯುತ್ತದೆ. ಭಾರತೀಯರು ಬರುವುದು ತಮ್ಮ ಮಗುವಿನ ಅಂಕಕ್ಕಾಗಿ ಮಾತ್ರ ಎಂದು ಇತರ ಪೋಷಕರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮತದ ವಿಷಯ, ಎಚ್ಚರಿಕೆಯಿಂದ ಓದಿ

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಾಸವಿದ್ದು ಹತ್ತೊಂಬತ್ತು ತುಂಬದ ಮಗುವಿರುವ ಪೋಷಕರು ಅಮೆರಿಕದ ಪ್ರಜೆಗಳಲ್ಲದಿದ್ದರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ, ಅದೊಂದರಲ್ಲೇ, ಮತ ಹಾಕಬಹುದು. 2016ರಲ್ಲಿ ನಗರದ ಮತದಾರರು ಒಪ್ಪಿದ ಈ ನಿಯಮವನ್ನು ಕೆಳಗಿನ ಕೋರ್ಟ್ 2022ರಲ್ಲಿ ತಳ್ಳಿಹಾಕಿತ್ತು, ಮೇಲಿನ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಇದಕ್ಕೆ ಬೇರೆಯೇ ಫಾರಂ ಇದೆ, ಪ್ರತಿ ಚುನಾವಣೆಗೂ ಹೊಸದಾಗಿ ತುಂಬಬೇಕು. ಅದರಲ್ಲಿ ಬರೆದ ಹೆಸರು, ವಿಳಾಸ ವಲಸೆ ಇಲಾಖೆಯ ಕೈಗೆ ಸಿಗಬಹುದೆಂದು ನಗರವೇ ಎಚ್ಚರಿಸುತ್ತದೆ. ಮುಂದೆ ಪೌರತ್ವದ ಅರ್ಜಿ ಹಾಕುವಾಗ ಮತದಾನದ ಪ್ರಶ್ನೆ ಬರುತ್ತದೆ. ಹಾಗಾಗಿ ಎಚ್-1ಬಿ ಆಗಲಿ, ಗ್ರೀನ್ ಕಾರ್ಡ್ ಆಗಲಿ, ಮೊದಲು ವಲಸೆ ವಕೀಲರನ್ನು ಕೇಳಿ. ಸಾಮಾನ್ಯ ಮತದಾರರ ಫಾರಂಗೆ ಮಾತ್ರ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ವಾಹನ ಇಲಾಖೆಯಾದ ಡಿಎಂವಿಯಲ್ಲಿ ಲೈಸೆನ್ಸ್ ಮಾಡಿಸುವಾಗ, ಮತದಾರರ ಪಟ್ಟಿಗೆ ಸೇರುತ್ತೀರಾ ಎಂಬ ಪ್ರಶ್ನೆ ಬಂದರೆ 'ಇಲ್ಲ' ಎನ್ನಿ. ಪ್ರಜೆ ಎಂದು ತಪ್ಪಾಗಿ ಗುರುತು ಹಾಕಿದರೆ ಇಲ್ಲಿ ಉಳಿಯುವ ಅವಕಾಶವೇ ಕೈತಪ್ಪಬಹುದು.

ಮೊದಲ ಸಭೆಗೆ

ಮಾತಾಡಲು ಮತದ ಹಕ್ಕು ಬೇಕಿಲ್ಲ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಬೋರ್ಡ್ ಸಭೆ ಎಲ್ಲರಿಗೂ ತೆರೆದಿರಬೇಕು, ಅಂದಿನ ವಿಷಯಗಳ ಪಟ್ಟಿ 72 ಗಂಟೆ ಮೊದಲೇ ಹೊರಬೀಳಬೇಕು, ಸಾರ್ವಜನಿಕರ ಮಾತಿಗೆ ಸಮಯ ಇರಬೇಕು. ಪಟ್ಟಿ ತೆಗೆದು ನಿಮ್ಮ ಶಾಲೆಯ ಹೆಸರಿದೆಯೇ ನೋಡಿ. ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಸಾಮಾನ್ಯವಾಗಿ ಒಂದೆರಡು ನಿಮಿಷ ಸಿಗುತ್ತದೆ. ಗಡಿಯಾರ ಎದುರಿಗೇ ಓಡುತ್ತಿರುತ್ತದೆ. ಬರೆದುಕೊಂಡು ಹೋಗಿ ಓದಿ, ಒಂದೇ ವಿಷಯ ಹಿಡಿಯಿರಿ. ಇಂಗ್ಲಿಷ್ ಉಚ್ಚಾರದ ಸಂಕೋಚ ಬೇಡ, ಆ ಕೊಠಡಿಯಲ್ಲಿ ಹತ್ತು ದೇಶದ ಉಚ್ಚಾರ ಕೇಳಿಸುತ್ತದೆ. ಮಾತಿಗಿಂತ ಕೆಲಸ ಇಷ್ಟವಿರುವವರಿಗೆ ಶಾಲೆಯ ಸೈಟ್ ಕೌನ್ಸಿಲ್ ಒಳ್ಳೆಯ ಜಾಗ. ಶಾಲೆಯ ಯೋಜನೆಗೂ ಅದಕ್ಕೆಂದು ಬರುವ ದುಡ್ಡಿಗೂ ಒಪ್ಪಿಗೆ ಕೊಡುವವರಲ್ಲಿ ಪೋಷಕರೂ ಇರುತ್ತಾರೆ. ಇಂಗ್ಲಿಷ್ ಕಲಿಯುವ ಮಕ್ಕಳು 21 ಇದ್ದರೆ ಅವರ ಪೋಷಕರಿಗೆ ಪ್ರತ್ಯೇಕ ಸಮಿತಿಯೂ ಇರಲೇಬೇಕು.

ಮಗುವಿನ ಕಲಿಕೆಯಲ್ಲಿ ತೊಡಕು ಕಂಡರೆ ಬೋರ್ಡಿನವರೆಗೆ ಹೋಗಬೇಕಿಲ್ಲ. ಪರೀಕ್ಷಿಸಿ ಎಂದು ಶಾಲೆಗೆ ಬರಹದಲ್ಲಿ ಕೇಳಿ. ಹದಿನೈದು ದಿನಗಳೊಳಗೆ ಅವರು ಪರೀಕ್ಷೆಯ ಯೋಜನೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಒಬ್ಬರೇ ಹೋಗಲು ಹಿಂಜರಿಕೆಯಾದರೆ ಕೂಟದವರಿಗೆ ಮೊದಲೇ ತಿಳಿಸಿ, ಜೊತೆಗೆ ಬರುತ್ತೇವೆ. ಪುಟ್ಟ ಮಕ್ಕಳನ್ನು ಆ ಸಂಜೆ ನೋಡಿಕೊಳ್ಳಲು ನಮ್ಮಲ್ಲಿ ಇಬ್ಬರು ಅಜ್ಜಿಯರು ಒಪ್ಪಿದ್ದಾರೆ. ಸಭೆ ರಾತ್ರಿ ಹತ್ತು ದಾಟುವುದುಂಟು, ಊಟ ಮಾಡಿಕೊಂಡೇ ಬನ್ನಿ.